ನಿಂಗವ್ವ ಎಂಬ ನಾಲ್ವರು

ನಮ್ಮೂರಿನಲ್ಲಿ ಒಂದು ಹೆಸರು ಒಬ್ಬರ ಬಳಿ ಮೂರು ವರ್ಷ ಇರುತ್ತದೆ, ಅಷ್ಟೆ. ಮೂರನೆಯ ವರ್ಷದ ಬೇಸಿಗೆಯ ಕೊನೆಗೆ ಗುಡ್ಡದ ಕಡೆಯಿಂದ ಗಾಳಿ ತಿರುಗುತ್ತದೆ. ಮರುದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆಯಲು ಬಾಯಿ ತೆರೆದರೆ ಹೊಸ ಹೆಸರೇ ಹೊರಗೆ ಬರುತ್ತದೆ. ನಿನ್ನೆಯವರೆಗೆ ಶಾಂತವ್ವ ಆಗಿದ್ದವರು ಇಂದು ಕಾಶೀಬಾಯಿ. ಕಾಶೀಬಾಯಿ ಆಗಿದ್ದವರು ಇನ್ನೇನೋ. ಹೆಂಗಸರ ಹೆಸರು ಹೆಂಗಸರಲ್ಲೇ, ಗಂಡಸರದು ಗಂಡಸರಲ್ಲೇ ಸುತ್ತುತ್ತದೆ ಎಂಬುದಷ್ಟೇ ಸಮಾಧಾನ. ಉಳಿದಂತೆ ಯಾವ ಓಣಿ, ಯಾವ ದೇವರು ಎಂದು ಗಾಳಿ ವಿಚಾರಿಸುವುದಿಲ್ಲ. ಹೆಸರು ಕೇಳಿ ಮನುಷ್ಯನನ್ನು ಅಳೆಯುವ ಚಟವೂ ಹಾಗಾಗಿ ಊರಿಗೆ ಅಂಟಿಲ್ಲ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಅಂಗಡಿಯ ಬೋರ್ಡಿನ ಮೇಲೆ ಮಾಲೀಕರ ಹೆಸರಿನ ಬದಲು ಅವರ ಮೀಸೆಯನ್ನೋ ಮೂಗುತಿಯನ್ನೋ ಬಿಡಿಸಿರುತ್ತಾರೆ. ಮದುವೆ ಕಾರ್ಡಿನಲ್ಲಿ ಮನೆ ನಂಬರು ದೊಡ್ಡದಾಗಿ ಇರುತ್ತದೆ. ಕೂಸು ಹುಟ್ಟಿದರೆ ಮುಂದಿನ ಗಾಳಿಯವರೆಗೆ ಅದಕ್ಕೆ ಹೆಸರೇ ಇಲ್ಲ. ಗಾಳಿ ಮುಗಿದ ಮೇಲೆ ಎಂಟು ದಿನ ಊರ ಕಚೇರಿಯವರು ಮನೆಮನೆಗೆ ಬಂದು ಮನೆ ನಂಬರು, ವಯಸ್ಸು, ಹೊಸ ಹೆಸರು ಬರೆದುಕೊಂಡು ಒಂದು ಪುಸ್ತಕ ಮಾಡಿಡುತ್ತಾರೆ. ಹಳೆಯ ಹೆಸರು ಒಂದೆರಡು ಸುತ್ತು ನೆನಪಿರುತ್ತದೆ. ಅದಕ್ಕೂ ಹಿಂದಿನದು ತಲೆಯಲ್ಲಿ ನಿಲ್ಲುವುದಿಲ್ಲ, ನಮ್ಮದೇ ಆದರೂ.

ಈ ಸುತ್ತಿನಲ್ಲಿ ನನ್ನ ಹೆಸರು ಕಸ್ತೂರಿ. ವಯಸ್ಸು ಮೂವತ್ತಮೂರು. ದವಾಖಾನೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕೂರುವುದು ನನ್ನ ಕೆಲಸ. ಗಾಳಿ ತಿರುಗಿದ ವರ್ಷ ಆ ಕಿಟಕಿಯ ಹಿಂದೆ ಕೂತವರ ಪಾಡು ಹೇಳತೀರದು. ಹೋದ ಸಲ ಮಂಡಿನೋವಿನ ಮುದುಕರೊಬ್ಬರ ಚೀಟಿ ಕಣ್ಣು ತೋರಿಸಲು ಬಂದವರ ಕೈ ಸೇರಿ, ಅವರು ಒಂದು ವಾರ ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದರು. ಆದ್ದರಿಂದ ಊರ ಗ್ರಂಥಾಲಯದಲ್ಲಿ ಡೇಟಾಬೇಸ್ ಕಲಿಸುತ್ತಾರೆ ಎಂಬ ಚೀಟಿ ಗೋಡೆಗೆ ಅಂಟಿಸಿದಾಗ ಮೊದಲು ಹೆಸರು ಕೊಟ್ಟವಳು ನಾನು. ಹೆಸರು ಅಂದರೆ ಮನೆ ನಂಬರು.

ಕಲಿಸಲು ಬಂದವರು ವಿಶಾಲಾಕ್ಷಿ ಮೇಡಂ. ಹೊರಗಿನವರು. ಹುಟ್ಟಿದಾಗಿನಿಂದ ಅದೇ ಹೆಸರಂತೆ. ಕೇಳಿ ನಮಗೆ ಮೈ ಜುಮ್ಮೆಂದಿತು. ಮಧ್ಯಾಹ್ನ ಮೂರರಿಂದ ಐದರವರೆಗೆ ಪಾಠ. ಮೂರು ಹಳೆಯ ಕಂಪ್ಯೂಟರು, ಐದು ಜನ ವಿದ್ಯಾರ್ಥಿಗಳು: ನಾನು, ಡೈರಿಯಲ್ಲಿ ಕೆಲಸ ಮಾಡುವ ಇಬ್ಬರು, ಶಾಲೆಯ ಒಬ್ಬ ಟೀಚರು, ಮತ್ತು ಅರವತ್ತೆರಡು ವಯಸ್ಸಿನ ಟಪಾಲು ಕಾಕಾ. ಇಂಥ ಊರಿನಲ್ಲಿ ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದವರು ಅವರು. ಒಂದು ಕಾಗದವೂ ತಪ್ಪಾಗಿಲ್ಲ ಎಂದು ಅವರೇ ಹೇಳುತ್ತಾರೆ.

ಮೊದಲ ದಿನ ಮೇಡಂ ಬೋರ್ಡಿನ ಮೇಲೆ ಒಂದು ಟೇಬಲ್ ಗೆರೆ ಎಳೆದು, "ಪ್ರತಿ ಸಾಲಿಗೂ ಒಂದು ಕೀಲಿ ಬೇಕು. ಎಂದೂ ಬದಲಾಗದ್ದು, ಇಬ್ಬರಿಗೆ ಒಂದೇ ಇರದಂಥದ್ದು. ಹೆಸರನ್ನು ಕೀಲಿ ಮಾಡಬಹುದಾ?" ಎಂದರು.

ಐದೂ ಜನ ಗೊಳ್ಳೆಂದು ನಕ್ಕೆವು. ಬೇರೆ ಊರಿನಲ್ಲಿ ಇದನ್ನು ತಿಳಿಸಲು ವಾರ ಬೇಕಾಗುತ್ತದಂತೆ. ಮೇಡಂ ಖುಷಿಯಾಗಿ ಒಂದು ಪಾಠ ಮುಂದಕ್ಕೆ ಹಾರಿದರು.

ಆದರೆ ಎರಡನೆಯ ಪಾಠದಲ್ಲೇ ನಾವು ಬಿದ್ದೆವು. ಊರಿನವರ ಟೇಬಲ್ ಮಾಡಿ ಎಂದಾಗ ನಾನು ಹುಮ್ಮಸ್ಸಿನಿಂದ ವ್ಯಕ್ತಿಯ ನಂಬರು, ಆಮೇಲೆ ಮೊದಲ ಹೆಸರು, ಎರಡನೆಯ ಹೆಸರು, ಮೂರನೆಯ ಹೆಸರು ಎಂದು ಅಡ್ಡಕ್ಕೆ ಇಪ್ಪತ್ತು ಕಂಬ, ಅಂದರೆ ಕಾಲಂ, ಹಾಕಿದೆ. ಮೇಡಂ ನೋಡಿದರು. "ಇಪ್ಪತ್ತೊಂದನೇ ಗಾಳಿ ಬಂದರೆ?" ಎಂದರು. ಇನ್ನೊಂದು ಕಂಬ ಹಾಕುತ್ತೇನೆ ಎಂದೆ. "ನಿನ್ನೆ ಹುಟ್ಟಿದ ಮಗುವಿಗೂ ಇಪ್ಪತ್ತೊಂದು ಖಾಲಿ ಕಂಬವಾ? ಯಾರಾದರೂ ಒಂದು ಹೆಸರು ಹೇಳಿ ಹುಡುಕು ಅಂದರೆ ಇಪ್ಪತ್ತೊಂದು ಕಡೆ ಹುಡುಕುತ್ತೀರಾ?" ಎಂದರು. ಆಮೇಲೆ ಅವರೇ ತೋರಿಸಿದರು. ಮನುಷ್ಯರದು ಒಂದು ಟೇಬಲ್, ಅದರಲ್ಲಿ ನಂಬರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದು, ಅಷ್ಟೆ. ಹೆಸರುಗಳದು ಇನ್ನೊಂದು ಟೇಬಲ್, ಅದರಲ್ಲಿ ಯಾರ ನಂಬರು, ಯಾವ ಹೆಸರು, ಯಾವ ಗಾಳಿಯಿಂದ ಯಾವ ಗಾಳಿಯವರೆಗೆ. ಹೆಸರು ಬದಲಾದರೆ ಕೆಳಗೆ ಒಂದು ಸಾಲು ಸೇರುತ್ತದೆ. ಮನುಷ್ಯ ಮಾತ್ರ ತನ್ನ ಸಾಲಿನಲ್ಲಿ ಹಾಗೆಯೇ ಕೂತಿರುತ್ತಾನೆ. ಆ ದಿನ ಮನೆಗೆ ನಡೆದು ಹೋಗುವಾಗ ನನಗೆ ಯಾಕೋ ಬಹಳ ಹಗುರ ಅನ್ನಿಸಿತು. ಮೂವತ್ತಮೂರು ವರ್ಷದಲ್ಲಿ ಹನ್ನೊಂದು ಜನರ ಹೆಸರು ಹೊತ್ತ ನಾನು ಒಬ್ಬಳೇ ಎಂದು ಯಾರೋ ಬರೆದು ತೋರಿಸಿದ ಹಾಗೆ.

ಹೆಸರಿಲ್ಲದ ಕೂಸಿಗೆ ಏನು ಬರೆಯುವುದು ಎಂಬುದರ ಮೇಲೆ ಒಂದಿಡೀ ಮಧ್ಯಾಹ್ನ ಜಗಳ ನಡೆಯಿತು. ಟೀಚರು 'ಕೂಸು' ಎಂದೇ ಬರೆಯೋಣ ಎಂದರು. ಡೈರಿಯವರು ಸೊನ್ನೆ ಎಂದರು. ಮೇಡಂ, ಅದು 'ನಲ್', ಅಂದರೆ ಗೊತ್ತಿಲ್ಲ ಎಂದಷ್ಟೇ ಅರ್ಥ, ಖಾಲಿಯೂ ಅಲ್ಲ ಸೊನ್ನೆಯೂ ಅಲ್ಲ ಎಂದರು.

"ಹಂಗಾರ ಹೆಸರಿಲ್ಲದ ಎರಡು ಕೂಸಿನ ಹೆಸರು ಒಂದಽ ಅಂತ ಹೇಳ್ತದೇನ್ರಿ ಕಂಪ್ಯೂಟರ್?" ಎಂದು ಟಪಾಲು ಕಾಕಾ ಕೇಳಿದರು.

"ಇಲ್ಲ. ಒಂದೇ ಅಂತಲೂ ಹೇಳಲ್ಲ, ಬೇರೆ ಅಂತಲೂ ಹೇಳಲ್ಲ."

"ಶಾಣ್ಯಾ ಐತಿ ಬಿಡ್ರಿ," ಎಂದು ಕಾಕಾ ತಲೆದೂಗಿದರು.

ನಾನು ಮಾಡಿದ ಒಂದು ಅನಾಹುತವನ್ನೂ ಹೇಳಿಬಿಡುತ್ತೇನೆ. ಒಬ್ಬ ಅಜ್ಜಿಯ ಹೆಸರನ್ನು ಕೊಟ್ರವ್ವ ಎಂದು ತಿದ್ದಬೇಕಿತ್ತು. ಅಪ್‌ಡೇಟ್ ಎಂದು ಬರೆದು, ಯಾರ ಹೆಸರು ಎನ್ನುವ 'ವೇರ್' ಬರೆಯುವುದನ್ನು ಮರೆತು ಗುಂಡಿ ಒತ್ತಿದೆ. ಅಭ್ಯಾಸಕ್ಕೆಂದು ಒಂದಿಷ್ಟು ಮನೆಗಳಿಂದ ಮಾಡಿದ್ದ ನಮ್ಮ ಟೇಬಲ್ಲಿನ ಇಡೀ ಊರು ಕೊಟ್ರವ್ವ ಆಯಿತು. ಗಂಡಸರು, ಕೂಸುಗಳು, ಸತ್ತವರು, ಎಲ್ಲರೂ. ಕಾಕಾ ಪರದೆಗೆ ಮುಖವಿಟ್ಟು, "ಗಾಳಿನೂ ಇಷ್ಟ ಧೈರ್ಯಾ ಮಾಡಿರಲಿಲ್ಲ ನೋಡವ್ವಾ," ಎಂದರು. ಮೇಡಂ ಬೆಳಿಗ್ಗೆ ಒಂದು ಪ್ರತಿ ತೆಗೆದಿಟ್ಟಿದ್ದರು, ಊರು ಉಳಿಯಿತು.

ಬಸಲಿಂಗವ್ವ ಎಂಬವರು ನನ್ನ ಕಿಟಕಿಗೆ ಬಂದದ್ದು ಇದಾದ ವಾರಕ್ಕೆ. ಚೀಟಿ ಬೇಕೇ ಎಂದರೆ ಬೇಡವೆಂದರು. ಐವತ್ತರ ಮೇಲಿನ ವಯಸ್ಸು, ಕೈಯಲ್ಲಿ ಒಂದು ಬಟ್ಟೆ ಚೀಲ. ಜನ ಕರಗಿದ ಮೇಲೆ ಒಳಗೆ ಕರೆದು ಕೂರಿಸಿದೆ.

"ನನ್ನ ಮಗಗ ಹೆಣ್ಣ ಗೊತ್ತಾಗೇತಿ," ಎಂದರು. "ಇಬ್ಬರೂ ಒಪ್ಯಾರ. ಆದರ ಹುಡುಗಿ ಅತ್ತಿ, ಅಕಿ ಅಪ್ಪನ ತಂಗಿ, ತಕರಾರ ತೆಗದಾಳ. ಹಾಲಿನ ಸಂಬಂಧ ತಿಳಿಯೂತನಾ ತಾಂಬೂಲ ಇಲ್ಲ ಅಂತಾಳ."

ನಮ್ಮೂರಿನಲ್ಲಿ ಒಂದೇ ತಾಯಿಯ ಎದೆಹಾಲು ಕುಡಿದವರು ಅಕ್ಕತಮ್ಮಂದಿರು, ಯಾರ ಹೊಟ್ಟೆಯಲ್ಲಿ ಹುಟ್ಟಿದರೂ ಸರಿ. ಅವರ ನಡುವೆ ಮದುವೆ ಇಲ್ಲ. ಹೆಸರು ನಿಲ್ಲದ ಊರಿನಲ್ಲಿ ನಂಟು ನಿಂತಿರುವುದು ಇಂಥದ್ದರ ಮೇಲೆ.

ಬಸಲಿಂಗವ್ವ ಹೇಳಿದ್ದು ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ ಇದೇ ದವಾಖಾನೆಯಲ್ಲಿ ಮಗ ಹುಟ್ಟಿದ. ಮೂರನೆಯ ದಿನಕ್ಕೆ ಅವರಿಗೆ ವಿಷಮ ಜ್ವರ ಬಂತು. ನಲವತ್ತು ದಿನ ಬೇರೆ ಕೋಣೆಯಲ್ಲಿ ಎಚ್ಚರವಿಲ್ಲದಂತೆ ಮಲಗಿದ್ದರು. ಎದ್ದಾಗ ಕೂಸು ಗುಂಡಗುಂಡಗೆ ಇತ್ತು. ಯಾರು ಹಾಲು ಕೊಟ್ಟರು ಎಂದು ನರ್ಸನ್ನು ಕೇಳಿದರೆ, "ನಿಂಗವ್ವ ಅಂತ, ನಿನ್ನಿ ತನಕ ದಿನಾ ಬಂದು ಕುಡಿಸಿ ಹೋಗ್ಯಾಳ," ಎಂದಳಂತೆ. ಎರಡು ದಿನ ಬಿಟ್ಟು, ಎದ್ದು ಓಡಾಡುವಷ್ಟು ಶಕ್ತಿ ಬಂದಾಗ, ಗಾಳಿ ತಿರುಗಿತು. ನಿಂಗವ್ವ ಎಂಬ ಹೆಸರು ಹೊಸಬರ ಬಳಿ ಹೋಗಿತ್ತು. ಆ ಹೊಸ ನಿಂಗವ್ವನಿಗೆ ಏನೂ ಗೊತ್ತಿರಲಿಲ್ಲ. ನರ್ಸಿಗೆ ವರ್ಗವಾಯಿತು.

"ಹೆಸರ ಮರತು ಹೋಗಬಾರದಂತ ದಿನಾ ದೀಪಾ ಹಚ್ಚುವಾಗ ಒಮ್ಮೆ ಅಂತೇನವ್ವಾ. ಇಪ್ಪತ್ತೇಳು ವರ್ಷಾತು. ಹುಡುಗಿ ತಾಯಿ ತೀರಿಕೊಂಡು ಆರು ವರ್ಷ. ಅಕಿನೂ ಆಗ ಇಲ್ಲೇ ಹಡದಿದ್ಲಂತ, ಹುಡುಗಿ ಅಣ್ಣನ್ನ. ಅಕಿನಽ ನಿಂಗವ್ವ ಇದ್ದಿದ್ರ?" ಚೀಲದ ಬಾಯನ್ನು ಬಿಗಿಯಾಗಿ ಹಿಡಿದರು. "ಹುಡುಗ ಉಣ್ಣೂದು ಬಿಟ್ಟಾನ. ನೀ ಏನೋ ಕಲಿಯಾಕತ್ತೀಯಂತಲ್ಲ, ಹೆಸರ ಹುಡುಕೂದು."

ಮರುದಿನ ಪಾಠದಲ್ಲಿ ಇದನ್ನು ಹೇಳಿದೆ. ಮೇಡಂ ಬೋರ್ಡು ಒರೆಸಿ, "ಇದನ್ನೇ ನಿಮ್ಮ ಪರೀಕ್ಷೆ ಅಂದುಕೊಳ್ಳಿ," ಎಂದರು.

ಕಚೇರಿಯಿಂದ ಹನ್ನೊಂದು ಗಾಳಿಗಳ ಹನ್ನೊಂದು ಪುಸ್ತಕ ತಂದೆವು. ಇದ್ದವರಿಗೆ, ಸತ್ತವರಿಗೆ, ಎಲ್ಲರಿಗೂ ಮನೆ ಹಿಡಿದು ಸಾಲಾಗಿ ನಂಬರು ಕೊಟ್ಟದ್ದು ನಾನು. ಪುಸ್ತಕಗಳನ್ನು ಐವರೂ ಹಂಚಿಕೊಂಡು ಟೈಪು ಮಾಡಿದೆವು. ಹುಡುಗ ಹುಟ್ಟಿದಾಗಿನ ಹೆಸರುಗಳಿದ್ದ, ಮೂವತ್ತು ವರ್ಷದ ಹಿಂದಿನ ಪುಸ್ತಕ ಕಾಕಾನ ಪಾಲಿಗೆ ಹೋಯಿತು. ಯಾರು ಯಾವ ವರ್ಷ ಮನೆ ಬದಲಿಸಿದರು ಎಂಬುದು ಅವರಿಗೆ ಬಾಯಿಪಾಠ. "ಈ ನಂಬರಿನ ಮನಿ ಮುಂದ ಬೇವಿನ ಗಿಡ ಇತ್ತು. ಅದು ಬಿದ್ದ ವರ್ಷ ಇವರು ಕೆಳಗಿನ ಓಣಿಗೆ ಹೋದ್ರು," ಎಂದು ಹೇಳುತ್ತಾ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ದವಾಖಾನೆಯ ಅಟ್ಟದಿಂದ ಆ ವರ್ಷದ ಹೆರಿಗೆ ಪುಸ್ತಕ, ಗೇಟಿನ ಪುಸ್ತಕ ನಾನು ಇಳಿಸಿದೆ. ಗೇಟಿನಲ್ಲಿ ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಬ್ಬರ ಮನೆ ನಂಬರು, ವಯಸ್ಸು ಬರೆದುಕೊಳ್ಳುವ ಪದ್ಧತಿ ಆಗಲೂ ಇತ್ತು. ಅದನ್ನು ಟೀಚರು, ಡೈರಿಯವರು ಕೂತು ಸೇರಿಸಿದರು. ಎರಡೂವರೆ ತಿಂಗಳು ಹಿಡಿಯಿತು. ಬಸಲಿಂಗವ್ವ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ಅವಲಕ್ಕಿ ಕೊಟ್ಟು, ಏನೂ ಕೇಳದೆ ಹೋಗುತ್ತಿದ್ದರು.

ಶನಿವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಬಸಲಿಂಗವ್ವ ಬಂದರು. ಹುಡುಗಿಯ ಅತ್ತೆಯೂ ಬಂದರು, ಮುಖ ಗಂಟಿಕ್ಕಿಕೊಂಡು. ಮೇಡಂ ನನ್ನನ್ನೇ ಕೂರಿಸಿದರು.

ಆ ಸುತ್ತಿನಲ್ಲಿ ನಿಂಗವ್ವ ಎಂಬ ಹೆಸರಿದ್ದವರು ಯಾರು ಎಂದು ಮೊದಲು ಕೇಳಿದೆ. ನಾಲ್ಕು ಸಾಲು ಬಂತು. ಒಂದೇ ಹೆಸರು ನಾಲ್ಕು ಜನರ ಬಳಿ ಇತ್ತು ಎಂಬುದು ಬಸಲಿಂಗವ್ವನಿಗೆ ಹೊಳೆದೇ ಇರಲಿಲ್ಲ. "ನಾಕು ಮಂದಿನ?" ಎಂದು ಕೂತುಬಿಟ್ಟರು. ಪರದೆಯ ಮೇಲೆ ನಂಬರು ಮಾತ್ರ ಕಾಣುತ್ತಿತ್ತು. ನಾನು ಅವನ್ನು ಓದದೆ ಮುಂದಿನ ಪ್ರಶ್ನೆ ಬರೆದೆ. ಎಲ್ಲಿ ತಪ್ಪುತ್ತೇನೋ ಎಂಬ ಭಯದಲ್ಲಿ ಬೆರಳಿನ ಮೇಲಷ್ಟೇ ಗಮನವಿತ್ತು. ಆ ನಾಲ್ವರ ಪಟ್ಟಿಯನ್ನು ಹೆರಿಗೆ ಪುಸ್ತಕದ ಟೇಬಲ್ಲಿಗೆ ನಂಬರಿನ ಮೇಲೆ ಜೋಡಿಸಿ, ಆ ಬೇಸಿಗೆಯಲ್ಲಿ ಹಡೆದವರು ಯಾರು ಎಂದು ಕೇಳಿದೆ. ನಾಲ್ಕು ಎರಡಾಯಿತು.

"ಆರನೂರಾ ಮೂರು," ಎಂದು ಕಾಕಾ ಗಟ್ಟಿಯಾಗಿ ಓದಿ, ಅದು ಯಾವ ಮನೆಯದೆಂದೂ ಹೇಳಿದರು. ಹುಡುಗಿಯ ಅತ್ತೆ ಎದ್ದು ನಿಂತರು. "ನಮ್ಮ ಅತ್ತಿಗಿ ನಂಬರ ಅದು!" ಬಸಲಿಂಗವ್ವ ಚೀಲವನ್ನು ಎದೆಗೆ ಅವುಚಿಕೊಂಡರು.

ಎರಡನೆಯ ನಂಬರು ನಾನೂರ ಹದಿನೆಂಟು. ಕಾಕಾ ಅದನ್ನು ಓದಲಿಲ್ಲ, ನನ್ನ ಕಡೆ ನೋಡಿದರು. ನಾನೂರ ಹದಿನೇಳು ನಮ್ಮಪ್ಪ. ನಾನೂರ ಹತ್ತೊಂಬತ್ತು ನಾನು.

ಹೆರಿಗೆ ಪುಸ್ತಕದ ಕೊನೆಯ ಕಂಬದಲ್ಲಿ ಆ ಸಾಲಿನ ಮುಂದೆ, ಗಂಡು ಕೂಸು, ಎಂಟನೆಯ ದಿನ ತೀರಿಕೊಂಡಿತು ಎಂದಿತ್ತು. ನನಗಾಗ ಆರು ವರ್ಷ. ಮನೆಗೆ ಒಂದು ತೊಟ್ಟಿಲು ಬಂದದ್ದು, ಆಮೇಲೆ ಅದು ಇಲ್ಲವಾದದ್ದು ನೆನಪಿದೆ. ಅವ್ವ ಅದರ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ಅವ್ವ ಹೋಗಿ ಈಗ ಒಂಬತ್ತು ವರ್ಷ.

ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಾನು ಬರೆಯಲಾ?" ಎಂದರು. ಬೇಡ, ನಾನೇ ಬರೆಯುತ್ತೇನೆ ಎಂದೆ. ಈ ಇಬ್ಬರಲ್ಲಿ ಆ ನಲವತ್ತು ದಿನ ಗೇಟಿನೊಳಗೆ ಯಾರು ಎಷ್ಟು ಸಲ ಬಂದರು ಎಂಬುದೊಂದೇ ಉಳಿದದ್ದು. ಸುಮ್ಮನೆ ಜೋಡಿಸಿದರೆ ಒಮ್ಮೆಯೂ ಬರದವರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕಾಣದಿದ್ದರೆ ಅತ್ತೆ ಒಪ್ಪುವುದಿಲ್ಲ. ಬಾರದವರನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಎಂಬುದನ್ನು ಹಿಂದಿನ ವಾರವಷ್ಟೇ ಕಲಿತಿದ್ದೆ. ಬರೆದೆ. ಎಣಿಸು ಎಂದೆ. ಗುಂಡಿ ಒತ್ತಿದೆ.

ಆರುನೂರ ಮೂರು, ಸೊನ್ನೆ. ನಾನೂರ ಹದಿನೆಂಟು, ಎಪ್ಪತ್ತೊಂಬತ್ತು.

ಹುಡುಗಿಯ ಅತ್ತೆ ಕಂಪ್ಯೂಟರನ್ನು ನಂಬಲಿಲ್ಲ. ಗೇಟಿನ ಪುಸ್ತಕವನ್ನೇ ತರಿಸಿ ಬೆರಳಿಟ್ಟು ಹಾಳೆಹಾಳೆ ನೋಡಿದರು. ಅತ್ತಿಗೆ ಹಡೆದು ಐದನೆಯ ದಿನಕ್ಕೆ, ಆ ನಲವತ್ತು ದಿನ ಶುರುವಾಗುವ ಮೊದಲೇ, ಹೊರಗೆ ಹೋದದ್ದಿತ್ತು, ಮುಂದೆ 'ತವರಿಗೆ' ಎಂದು ಬರೆದಿತ್ತು. ಮತ್ತೆ ಬಂದದ್ದು ಎಲ್ಲೂ ಇರಲಿಲ್ಲ. ನಮ್ಮ ಮನೆಯ ನಂಬರು ಮಾತ್ರ, ಒಂದು ಸಂಜೆ ಬಿಟ್ಟರೆ, ಪ್ರತಿ ಹಾಳೆಯಲ್ಲೂ ಎರಡು ಸಲ, ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ. ಪುಸ್ತಕ ಮುಚ್ಚಿ, "ಶುಕ್ರವಾರ ತಾಂಬೂಲಕ್ಕ ಬರ್ರಿ," ಎಂದು ಬಸಲಿಂಗವ್ವನಿಗೆ ಹೇಳಿ ಹೋದರು.

ಬಸಲಿಂಗವ್ವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಈ ನಾನೂರ ಹದಿನೆಂಟು ಯಾರು? ಅದಾರೇನು ಇನ್ನೂ?" ಎಂದು ಕೇಳುತ್ತಿದ್ದರು.

"ನಮ್ಮವ್ವರಿ," ಎಂದೆ. "ಈಗ ಇಲ್ಲ."

ಅವರು ಎದ್ದು ಬಂದು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಆ ಮೇಲೆ ಅವುಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ನನ್ನ ಬೆರಳು ಒದ್ದೆಯಾಯಿತು. ಕಾಕಾ ಹೊರಗೆ ಹೋಗಿ ಅಂಗಳದಲ್ಲಿ ನಿಂತರು.

ಮಧ್ಯಾಹ್ನ ಮನೆಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಅಂಗಡಿ ಮುಚ್ಚಿ ವರ್ಷಗಳಾದರೂ ಓಣಿಯವರು ಅವರಿಗೇ ತಂದುಕೊಡುತ್ತಾರೆ. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವರು ತೇಪೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೇ ಇದ್ದರು.

"ನಿಮಗ ಗೊತ್ತಿತ್ತೇನಪ್ಪಾ?"

"ಗೊತ್ತಿತ್ತು. ಯಾರ ಕೂಸಂತ ಗೊತ್ತಿರಲಿಲ್ಲ. ಅಕಿನೂ ಕೇಳಿರಲಿಲ್ಲ."

"ಯಾಕ ಯಾರಿಗೂ ಹೇಳಲಿಲ್ಲ?"

"ಹಾಲ ಕೊಟ್ಟಿದ್ದು ಹೇಳಿದ್ರ ನಮ್ಮ ಕೂಸಿನ ಸುದ್ದಿನೂ ಹೇಳಬೇಕಾಗ್ತದ, ಬ್ಯಾಡ ಅಂದ್ಲು." ತೇಪೆಯಿಂದ ಹೆಬ್ಬೆರಳು ತೆಗೆದು ಕೇಳಿದರು, "ಎಷ್ಟು ಸಲ ಅಂದಿ?"

"ಎಪ್ಪತ್ತೊಂಬತ್ತು. ನಲವತ್ತು ದಿನಕ್ಕ ಎಂಬತ್ತಾಗಬೇಕಿತ್ತು. ಒಂದು ಸಂಜಿ ಹೋಗಿಲ್ಲ."

"ಅದು ನಂದು ತಪ್ಪು," ಎಂದರು ಅಪ್ಪ. "ಒಂದು ಸಂಜಿ ನಾ ಬ್ಯಾಡ ಅಂದೆ. ಸಾಕು, ಇದನ್ನ ನೋಡಾಕ ನನ್ನ ಕಡಿಂದ ಆಗೂದಿಲ್ಲ ಅಂದೆ. ಅಕಿ ಹೊಸ್ತಿಲ ಮ್ಯಾಲೆ ಕೂತ್ಲು. ಕುಪ್ಪಸೆಲ್ಲಾ ತೊಯ್ದಿತ್ತು. ಆ ಕಡೆ ಆ ಕೂಸು ಎಷ್ಟ ಅತ್ತಿತ್ತೋ. ಮರುದಿನ ಬೆಳಿಗ್ಗೆ ನಾನಽ ಸೈಕಲ್ ಮ್ಯಾಲೆ ಕೂಡಿಸಿಕೊಂಡು ಗೇಟಿನ ತನಕ ಬಿಟ್ಟೆ. ಆಮ್ಯಾಲಿಂದ ದಿನಾ ನಾನಽ ಬಿಟ್ಟೆ."

ಅಷ್ಟು ದೀರ್ಘವಾಗಿ ಅಪ್ಪ ಮಾತಾಡಿದ್ದನ್ನು ನಾನು ಬಹಳ ವರ್ಷದಿಂದ ಕೇಳಿರಲಿಲ್ಲ. ಅವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡತೊಡಗಿದರು. ನಾನು ಒಳಗೆ ಹೋಗಿ ಅವ್ವನ ಫೋಟೊ ಇಳಿಸಿ ಒರೆಸಿದೆ. ಕೆಳಗೆ ಅವ್ವ ಸತ್ತಾಗ ಇದ್ದ ಹೆಸರು, ಗೌರವ್ವ, ಎಂದು ಬರೆದಿದೆ. ನನ್ನ ಅವ್ವನಿಗೆ ಒಮ್ಮೆ ನಿಂಗವ್ವ ಎಂಬ ಹೆಸರಿತ್ತು ಎಂಬುದು, ಯಾರೋ ಅದನ್ನು ಇಪ್ಪತ್ತೇಳು ವರ್ಷ ದಿನಾ ದೀಪದ ಮುಂದೆ ಹೇಳಿಕೊಂಡರು ಎಂಬುದು ನನಗೆ ಅಳುವಿಗಿಂತ ಹೆಚ್ಚಾಗಿ ಸಂತೋಷ ಕೊಟ್ಟಿತು. ಅಂದು ಅನ್ನ ಹೊತ್ತಿಸಿದೆ. ಅಪ್ಪ ಅದನ್ನೇ ಉಂಡರು.

ಭಾನುವಾರ ಮಧ್ಯಾಹ್ನ ಬಸಲಿಂಗವ್ವ ಮಗನನ್ನು ಕರೆದುಕೊಂಡು ಬಂದರು. ಈ ಸುತ್ತಿನಲ್ಲಿ ಅವನ ಹೆಸರು ಫಕೀರಪ್ಪ. ಓಣಿಗಳಿಗೆ ನಲ್ಲಿ ನೀರು ಬಿಡುವ ಕೆಲಸ. ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಚಾವಿ ತಿರುಗಿಸಿ ಹೋಗುವವನು. ನೀರು ಕಡಿಮೆ ಬಂತೆಂದು ಎರಡು ಸಲ ನಾನು ಅವನ ಮೇಲೆ ರೇಗಿದ್ದೂ ಉಂಟು. ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಬಸಲಿಂಗವ್ವ ನೇರವಾಗಿ ಅವ್ವನ ಫೋಟೊದ ಮುಂದೆ ಹೋಗಿ ಕೂತರು. ಚೀಲದಿಂದ ಹಸಿರು ಇಳಕಲ್ ಸೀರೆ ತೆಗೆದು ಅಲ್ಲಿಟ್ಟು, ಏನೋ ಮೆಲ್ಲಗೆ ಹೇಳಿಕೊಂಡರು. ಆ ಸೀರೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಮದುವ್ಯಾಗ ಇದನ್ನ ಉಟಗೊಂಡು ಅಕ್ಕನ ಜಾಗಾದಾಗ ನಿಂದ್ರಬೇಕು," ಎಂದರು.

ಅಪ್ಪ ಫಕೀರಪ್ಪನನ್ನೇ ನೋಡುತ್ತಿದ್ದರು. "ಕೂಡಪಾ," ಎಂದರು. ಅವನು ಕೂತ. "ವಯಸ್ಸೆಷ್ಟು?"

"ಇಪ್ಪತ್ತೇಳ್ರಿ."

ಅಪ್ಪ ತಲೆಯಾಡಿಸಿದರು. "ಹೌದು. ಇಪ್ಪತ್ತೇಳ ಆಗಿರ್ತಿತ್ತು."

ಫಕೀರಪ್ಪ ನನ್ನ ಕಡೆ ನೋಡಿದ. ನಾನು ಅವ್ವನ ಫೋಟೊದ ಕಡೆ ನೋಡಿದೆ. ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಎದ್ದು ಅಪ್ಪನ ಕಾಲು ಮುಟ್ಟಿದ. ಅಪ್ಪ ಅವನ ತೋಳನ್ನು ಹಿಡಿದು ಎಬ್ಬಿಸಿದವರು ಕೈ ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡು ಒಳಗೆ ಕರೆತಂದು ತಮ್ಮ ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡರು.

ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಮಾಡಿದ್ದೆ. ಬಸಲಿಂಗವ್ವ ಒಲೆಯ ಮುಂದೆ ನನ್ನ ಜೊತೆ ಕೂತು ರೊಟ್ಟಿ ಬಡಿದರು. ಫಕೀರಪ್ಪ ಎರಡು ರೊಟ್ಟಿ ತಿಂದು ಸಾಕೆಂದ. ಎರಡೂವರೆ ತಿಂಗಳು ಸರಿಯಾಗಿ ಉಣ್ಣದೆ ಅವನ ಕೊರಳ ಮೂಳೆ ಎದ್ದು ಕಾಣುತ್ತಿತ್ತು.

"ಇನ್ನೊಂದು ಹಾಕವ್ವಾ ಅವಂಗ," ಎಂದರು ಅಪ್ಪ.

"ಸಾಕ್ರಿ, ಹೊಟ್ಟಿ ತುಂಬೇತಿ."

"ಸುಮ್ನ ಉಣ್ಣೋ," ಎಂದು ಅಪ್ಪ ಗದರಿದರು, ಮನೆಯವರನ್ನು ಗದರುವ ಹಾಗೆ. ಫಕೀರಪ್ಪ ನಕ್ಕು, ತಟ್ಟೆಯನ್ನು ನನ್ನ ಕಡೆ ಸರಿಸಿದ.